ಪಾತಾಳದ ನೀರಿಗೆ ಪಿಎಚ್ ಕಾವಲು

ನೆಲದಡಿಯ ನೀರು ಕೆಟ್ಟರೆ ಕಣ್ಣಿಗೆ ಕಾಣದು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿರುವ ಸವಾನಾ ನದಿ ತಾಣದಲ್ಲಿ ಅಣ್ವಸ್ತ್ರಕ್ಕೆ ಬೇಕಾದ ಪ್ಲುಟೋನಿಯಂ ತಯಾರಾಗುತ್ತಿತ್ತು. 1955ರಿಂದ 1988ರವರೆಗೆ ಅಲ್ಲಿನ ಆಮ್ಲೀಯ ತ್ಯಾಜ್ಯವನ್ನು ಇಂಗುಗುಂಡಿಗಳಿಗೆ ಬಿಡಲಾಯಿತು. ಅದರೊಂದಿಗೆ ಯುರೇನಿಯಂ, ಟ್ರಿಷಿಯಂಗಳೂ ಅಂತರ್ಜಲ ಸೇರಿದವು.

ಇಂಥ ಕಡೆ ಕಾವಲು ಕಾಯುವುದು ಹೇಗೆ? ಪರೀಕ್ಷಾ ಬಾವಿಗಳಿಂದ ಆಗಾಗ ನೀರು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುವುದು ರೂಢಿ. ಇದಕ್ಕೆ ಖರ್ಚು ಹೆಚ್ಚು, ಫಲಿತಾಂಶವೂ ತಡ. ಎರಡು ಪರೀಕ್ಷೆಗಳ ನಡುವೆ ವಿಷ ಮುಂದೆ ಸರಿದರೆ ತಿಳಿಯುವುದೇ ಇಲ್ಲ.

ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು 2018ರಲ್ಲಿ ಬೇರೊಂದು ದಾರಿ ತೋರಿದರು. ಬಾವಿಯೊಳಗೆ ಸಂವೇದಕ ಇಳಿಬಿಟ್ಟು ನೀರಿನ ಪಿಎಚ್ ಹಾಗೂ ವಿದ್ಯುತ್ ವಾಹಕತೆಯನ್ನು ಸತತವಾಗಿ ಅಳೆಯುವುದೇ ಆ ದಾರಿ. ತ್ಯಾಜ್ಯದಲ್ಲಿ ನೈಟ್ರಿಕ್ ಆಮ್ಲವಿದ್ದುದರಿಂದ ಕಲುಷಿತ ನೀರಿನ ಪಿಎಚ್ ಕಡಿಮೆ. ಅಯಾನುಗಳು ಹೆಚ್ಚಿರುವುದರಿಂದ ವಾಹಕತೆ ಹೆಚ್ಚು. ಆಮ್ಲತೆ ಇರುವವರೆಗೆ ಯುರೇನಿಯಂ ಕರಗಿ ಹರಿಯುತ್ತದೆ. ತಗ್ಗಿದರೆ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಈ ಅಳತೆಗಳನ್ನು ಹಳೆಯ ಪರೀಕ್ಷೆಗಳ ಅಂಕಿಗಳೊಡನೆ 'ಕಾಲ್ಮನ್ ಫಿಲ್ಟರ್' ಎಂಬ ಗಣಿತ ವಿಧಾನದಿಂದ ಹೊಂದಿಸಿದರೆ ಮಾಲಿನ್ಯದ ಪ್ರಮಾಣವನ್ನು ಅಂದಾಜಿಸಬಹುದು.

ಹಾಗೆಂದು ಪ್ರಯೋಗಾಲಯ ಬೇಡವೆಂದಲ್ಲ. ಜ್ವರಮಾಪಕ ರೋಗ ಯಾವುದೆಂದು ಹೇಳದು. ವೈದ್ಯರನ್ನು ಯಾವಾಗ ಕರೆಯಬೇಕೆಂದು ಹೇಳುತ್ತದೆ. ಈ ಸಂವೇದಕದ ಕೆಲಸವೂ ಅದೇ. ಶಾಲೆಯಲ್ಲಿ ಅಂಕಗಳಿಗಾಗಿ ಓದುವ ಪಿಎಚ್ ಪಾಠಕ್ಕೆ ಇಂಥ ಉಪಯೋಗವೂ ಉಂಟು.