ಮರಳು ಹೊಳೆಯ ದಂಡೆಗುಂಟ ಸೈಕಲ್

ಶಿವಮೊಗ್ಗದಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ತುಂಗಾ ತೀರಕ್ಕೆ ಕಟ್ಟಿದ ಹಾದಿಯನ್ನು ನೋಡಿ ಬಂದವರು ನಮ್ಮ ಜಯಮಂಗಲಿಗೂ ಅಂಥದ್ದೊಂದು ಆಗಬಾರದೇ ಅನ್ನುತ್ತಾರೆ. ಬೇಡ ಅನ್ನುವುದು ನನ್ನ ವಾದ. ಸೈಕಲ್ ತುಳಿಯಲು ಹಾದಿ ಈಗಾಗಲೇ ಇದೆ.

ದೇವರಾಯನದುರ್ಗದ ಬೆಟ್ಟಸಾಲಲ್ಲಿ ಹುಟ್ಟುವ ಈ ಹೊಳೆ ಗೊರವನಹಳ್ಳಿ ಹತ್ತಿರದ ತೀತಾ ಜಲಾಶಯ ದಾಟಿ, ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹಾದು, ಆಂಧ್ರದಲ್ಲಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಕೊರಟಗೆರೆಯಿಂದ ಹೊಳವನಹಳ್ಳಿ, ಕೊಡಿಗೇನಹಳ್ಳಿ ಮೂಲಕ ಮೈದನಹಳ್ಳಿಯವರೆಗೆ ಡಾಂಬರು ರಸ್ತೆಗಳಲ್ಲೇ ಹೋಗಬಹುದು. ಹೊಳೆ ಒಮ್ಮೆ ಪಕ್ಕಕ್ಕೇ ಬರುತ್ತದೆ, ಮತ್ತೊಮ್ಮೆ ಅಡಿಕೆ ತೋಟದಾಚೆ ಮರೆಯಾಗುತ್ತದೆ. ಸುಗ್ಗಿಯಲ್ಲಿ ರಾಗಿ ತೆನೆಯನ್ನು ರಸ್ತೆಗೇ ಹರವಿರುತ್ತಾರೆ; ಹುಲ್ಲು ಚೈನಿಗೆ ಸುತ್ತಿಕೊಂಡರೆ ಇಳಿದು ಎಳೆ ಎಳೆಯಾಗಿ ಬಿಡಿಸಬೇಕು. ಬಳ್ಳಾರಿ ಜಾಲಿ ಮುಳ್ಳಂತೂ ಯಾವ ಟೈರನ್ನೂ ಬಿಡದು. ಪಂಕ್ಚರ್ ಸಾಮಾನು ಜೊತೆಗಿರಲಿ.

ಶಿವಮೊಗ್ಗದಂಥ ಹಾದಿ ಬೇಡ ಅನ್ನಲು ಇನ್ನೊಂದು ಕಾರಣವಿದೆ. ತುಂಗೆ ನೆಲದ ಮೇಲೆ ಹರಿಯುತ್ತಾಳೆ. ಜಯಮಂಗಲಿ ವರ್ಷದ ಬಹುಪಾಲು ಮರಳಿನೊಳಗೇ ಹರಿಯುತ್ತಾಳೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಜನ ಮರಳಿನೊಳಗಿನ ನೀರನ್ನು ಬಲ್ಲವರು. ಈ ಬಯಲುಸೀಮೆಯಲ್ಲಿ ಮಳೆನೀರು ಮರಳುಮಣ್ಣಿಗೆ ಇಳಿದು, ಕೆಳಗಿನ ಗಟ್ಟಿ ಪದರಕ್ಕೆ ತಾಗಿ, ತಗ್ಗಿನ ಕಡೆ ಮೆಲ್ಲಗೆ ಜಿನುಗುತ್ತದೆ. ಅಂಥ ಜಾಗದಲ್ಲಿ ಗುಂಡಿ ತೋಡಿದರೆ ತಲಪರಿಗೆ. ಕೈಯಲ್ಲಿ ಮರಳು ಕೆದಕಿ ಕೂತರೆ ಮೊದಲು ತೇವ, ಆಮೇಲೆ ಬುಗ್ಗೆ ಬುಗ್ಗೆಯಾಗಿ ತಿಳಿನೀರು. ಅದಕ್ಕೊಂದು ಕಾಲುವೆ, ಕಾಲುವೆಯ ತುದಿಗೆ ಗದ್ದೆ. ಹೂಳು ತೆಗೆಯುವ ಕೆಲಸ ಅಚ್ಚುಕಟ್ಟಿನ ರೈತರೆಲ್ಲರದು. ಆಮೇಲೆ ಕೊಳವೆಬಾವಿ ಬಂತು, ಮರಳು ಲಾರಿಗಳು ಬಂದವು. ತಲಪರಿಗೆಗಳು ಒಂದೊಂದಾಗಿ ಬತ್ತಿದವು. ಈಗ ಕೆಲವೆಡೆ ಊರವರೇ ಹುಡುಕಿ ಹೂಳು ತೆಗೆಯುತ್ತಿದ್ದಾರೆ.

ಇಂಥ ದಂಡೆಗೆ ಕಾಂಕ್ರೀಟ್ ಗೋಡೆ ಎಬ್ಬಿಸಿ, ಟೈಲ್ಸ್ ಹಾಕಿದರೆ ಪಕ್ಕದಿಂದ ಜಿನುಗುವ ನೀರಿಗೆ ಬಾಗಿಲು ಮುಚ್ಚಿದಂತೆ. ದುಡ್ಡೇ ಇದ್ದರೆ ರಸ್ತೆಯ ಗುಂಡಿ ಮುಚ್ಚಿ, ಇಕ್ಕೆಲಕ್ಕೆ ಹೊಂಗೆ ನೆಟ್ಟು, ತಲಪರಿಗೆಗಳ ಬಳಿ ಒಂದೊಂದು ಹೆಸರುಫಲಕ ನಿಲ್ಲಿಸಲಿ. ಅಷ್ಟು ಸಾಕು.

ಮೈದನಹಳ್ಳಿಯಲ್ಲಿ ಜಯಮಂಗಲಿ ಹೆಸರಿನದೇ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ: 798 ಎಕರೆ ಹುಲ್ಲುಗಾವಲು, 2007ರಲ್ಲಿ ಘೋಷಣೆಯಾದದ್ದು. ಬೆಳಿಗ್ಗೆ ಬೇಗ ತಲುಪಿದರೆ ಹಿಂಡು ಕಾಣುತ್ತದೆ. ಸೈಕಲ್ಲಿಗೆ ಜೀಪಿನಷ್ಟು ಸದ್ದಿಲ್ಲ. ಬಿಸಿಲೇರಿದ ಮೇಲೆ ವಾಪಸು ತುಳಿಯುವ ಹುಚ್ಚು ಮಾತ್ರ ಬೇಡ. ಕಂಡಕ್ಟರ್ ಒಪ್ಪಿದರೆ ಮಧುಗಿರಿ ಕಡೆಯ ಬಸ್ಸಿನ ಟಾಪಿಗೆ ಸೈಕಲ್ ಏರಿಸಿ.