ಅಕ್ಕೋರ ಕೈಗೆ ಮೊಬೈಲು ಬಂದರೆ...

ನಿಮ್ಮ ಮಗು ಓದುವ ಶಾಲೆಯಲ್ಲಿ ‘ಸ್ಮಾರ್ಟ್ ಕ್ಲಾಸ್’ ಇದೆಯೇ? ನಾಲ್ಕು ಜನ ತಾಯಂದಿರು ಕೂಡಿದಲ್ಲಿ ಈಗ ಬರುವ ಮೊದಲ ಮಾತು ಇದೇ. ಅರಿಷಿಣ-ಕುಂಕುಮಕ್ಕೆ ಹೋದರೂ ಇದೇ, ಹಿಟ್ಟಿನ ಗಿರಣಿ ಮುಂದೆ ಪಾಳಿ ಹಚ್ಚಿ ನಿಂತರೂ ಇದೇ. ಗೋಡೆ ಮೇಲೆ ದೊಡ್ಡ ಪರದೆ ಇರುವ ಶಾಲೆ ಒಳ್ಳೆಯದು, ಬರೀ ಕರಿಹಲಗೆ ಇರುವ ಶಾಲೆ ಹಿಂದುಳಿದದ್ದು ಎಂದು ನಾವು ತೀರ್ಮಾನ ಮಾಡಿಬಿಡುತ್ತೇವೆ. ಸಾಲ ಮಾಡಿ ಫೀ ಕಟ್ಟುವವರೂ ಇದ್ದಾರೆ. ಆದರೆ ಆ ಪರದೆಯಿಂದ ನಮ್ಮ ಮಗುವಿಗೆ ನಾಲ್ಕು ಸಾಲು ಓದಲು ಬಂತೇ ಎಂದು ಕೇಳುವವರು ಎಷ್ಟು ಜನ?

ನಮ್ಮ ನಿಡಸೋಸಿ ಸಣ್ಣ ಊರಾದರೂ ಕಂಪ್ಯೂಟರು ಎಂದರೆ ಇಲ್ಲಿ ಯಾರಿಗೂ ಬೆರಗಿಲ್ಲ. ದುರದುಂಡೀಶ್ವರ ಮಠದ ಈ ಊರಲ್ಲಿ 1996ರಿಂದ ಇಂಜಿನಿಯರಿಂಗ್ ಕಾಲೇಜೇ ಇದೆ. ಆದರೆ ಇಂಜಿನಿಯರಿಂಗ್ ಓದುವ ಹುಡುಗರ ಕಂಪ್ಯೂಟರು ಬೇರೆ, ಮೂಗು ಒರೆಸಿಕೊಳ್ಳುತ್ತ ‘ಅ ಆ’ ತಿದ್ದುವ ಮಕ್ಕಳ ಮುಂದೆ ಹಿಡಿಯುವ ಮೊಬೈಲು ಬೇರೆ. ಇದು ನನಗೆ ಸರಿಯಾಗಿ ತಿಳಿದದ್ದು ನಮ್ಮ ಭಾವನವರ ಮಗಳಿಂದ. ಆಕೆ ಡಿ.ಎಲ್.ಎಡ್. ಎರಡನೇ ವರ್ಷದಲ್ಲಿದ್ದಾಳೆ. ನಮ್ಮ ಕಾಲದಲ್ಲಿ ಟಿ.ಸಿ.ಎಚ್. ಅಂತಿದ್ದರಲ್ಲ, ಅದರ ಈಗಿನ ರೂಪ. ಹತ್ತಿರದ ಹಳ್ಳಿಯ ಸರಕಾರಿ ಪ್ರಾಥಮಿಕ ಶಾಲೆಗೆ ಪಾಠ ಮಾಡಿ ಕಲಿಯಲು ಕಳಿಸಿದ್ದರು. ಅಷ್ಟು ದಿನವೂ ನಮ್ಮ ಮನೆಯಲ್ಲೇ ಇದ್ದಳು.

ಪರದೆ ಹೊಸದೇನಲ್ಲ

ಶಾಲೆಗೆ ಯಂತ್ರ ಬಂದದ್ದು ಮೊನ್ನೆ ಮೊನ್ನೆ ಎಂದು ತಿಳಿಯಬೇಡಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಒಂದು ಉಪಗ್ರಹದ ನೆರವಿನಿಂದ ನಮ್ಮ ಇಸ್ರೋ ಸಂಸ್ಥೆಯವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಮುಟ್ಟಿಸಿದರು. ‘ಸೈಟ್’ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆಗಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿಗೂಡಿಗೆ ಬಡಿಯುವಂಥ ತಂತಿಬಲೆಯಿಂದ ಮಾಡಿದ ಹತ್ತಡಿಯ ದೊಡ್ಡ ತಟ್ಟೆ ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ವಿಜ್ಞಾನ ಕಲಿಸುವ ಬಗೆಯನ್ನು ಅದೇ ಉಪಗ್ರಹದ ಮೂಲಕ ಹೇಳಿಕೊಟ್ಟರು.

ಆಮೇಲೆ 2004ರ ಸೆಪ್ಟೆಂಬರ್ 20ರಂದು ಓದಿಗೆಂದೇ ‘ಎಜುಸ್ಯಾಟ್’ ಎಂಬ ಉಪಗ್ರಹ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠ ಬಂತು. 2017ರ ಸೆಪ್ಟೆಂಬರ್ 5, ಶಿಕ್ಷಕರ ದಿನದಂದು, ಕೇಂದ್ರ ಸರಕಾರದ ‘ದೀಕ್ಷಾ’ ಶುರುವಾಯಿತು. ನಿಮ್ಮ ಮಗುವಿನ ಪಠ್ಯಪುಸ್ತಕದಲ್ಲಿ ಕಪ್ಪು-ಬಿಳಿ ಚುಕ್ಕಿಗಳ ಒಂದು ಚೌಕ ಕಂಡಿರಬಹುದು. ಕ್ಯೂಆರ್ ಕೋಡ್ ಅಂತಾರೆ. ದೀಕ್ಷಾ ಆ್ಯಪ್ ತೆರೆದು ಅದಕ್ಕೆ ಮೊಬೈಲು ಹಿಡಿದರೆ ಆ ಪಾಠದ ವಿಡಿಯೋ, ಅಭ್ಯಾಸ ತೆರೆಯುತ್ತವೆ. ದುಡ್ಡು ಕೊಡಬೇಕಿಲ್ಲ. ಒಮ್ಮೆ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನೋಡಬಹುದು.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಈ ಮೊಬೈಲೇ ಶಾಲೆಯಾಯಿತು. ಆದರೆ ಎಲ್ಲರ ಮನೆಯಲ್ಲೂ ಮೊಬೈಲು ಎಲ್ಲಿಂದ ಬರಬೇಕು? ಅದಕ್ಕೇ ಆ ವರ್ಷ ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂದು ಮಾಡಿ, ಮಾಸ್ತರರು, ಅಕ್ಕೋರು ತಾವೇ ಗುಡಿಕಟ್ಟೆಗೆ, ಮರದ ನೆರಳಿಗೆ ಮಕ್ಕಳಿದ್ದಲ್ಲಿ ಹೋದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ನಂತರ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬಂದವು. ಯಾವ ಉಪಾಯ ಮಾಡಿದರೂ ಕಡೆಗೆ ಮಗುವಿನ ಪಕ್ಕ ಒಬ್ಬರು ಕೂಡಲೇಬೇಕು ಎಂಬುದು ಆ ದಿನಗಳಲ್ಲಿ ನಮಗೆಲ್ಲ ತಿಳಿಯಿತು.

ಕೂಗಿನಲ್ಲಿ ಅಡಗಿದ್ದ ಹುಡುಗಿ

ನಮ್ಮ ಹುಡುಗಿ ಮೊದಲ ವಾರ ಬಹಳ ಉಮೇದಿಯಲ್ಲಿದ್ದಳು. ನಾಲ್ಕನೇ ತರಗತಿಗೆ ಮಳೆ ಹೇಗೆ ಬರುತ್ತದೆ ಎಂಬ ವಿಡಿಯೋ ಇಳಿಸಿಕೊಂಡು ಹೋದಳು. ಮೊಬೈಲಿನ ದನಿ ಹಿಂದೆ ಕೂತವರಿಗೆ ಕೇಳುವುದಿಲ್ಲವೆಂದು ನನ್ನ ಅಡಿಗೆಮನೆಯ ಸ್ಟೀಲಿನ ಡಬರಿ ಒಯ್ದಳು. ಅದರೊಳಗೆ ಮೊಬೈಲು ಇಟ್ಟರೆ ದನಿ ದೊಡ್ಡದಾಗುತ್ತದೆ, ನೀವೂ ಮಾಡಿ ನೋಡಿ. ಆಗ ಚಿತ್ರ ಕಾಣುವುದಿಲ್ಲವಲ್ಲ, ಅದಕ್ಕೆ ಮೊದಲು ಐದೈದು ಮಕ್ಕಳಿಗೆ ಚಿತ್ರ ತೋರಿಸಿ, ಆಮೇಲೆ ಎಲ್ಲರಿಗೂ ಮಾತು ಕೇಳಿಸಿದಳಂತೆ. ‘ತಿಳೀತೇನ?’ ಎಂದರೆ ಇಡೀ ವರ್ಗ ‘ತಿಳೀತ್ರೀ’ ಎಂದು ಕೂಗಿತು.

ಮರುದಿನ ಅದನ್ನೇ ಪುಸ್ತಕದಿಂದ ಓದಿ ಬರೆಯಿರಿ ಎಂದಳು. ಒಬ್ಬ ಹುಡುಗಿ ಮೋಡದ ಚಿತ್ರ ಅಂದವಾಗಿ ಬರೆದಿದ್ದಾಳೆ, ಆದರೆ ‘ಆವಿ’ ಎಂಬ ಎರಡಕ್ಷರ ಓದಲು ಬಾರದು. ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವ ತಾಯಿಯ ಮಗಳು. ಎಲ್ಲರ ಜೊತೆ ಕೂಗುತ್ತ ಕೂಗುತ್ತಲೇ ನಾಲ್ಕನೇತ್ತಕ್ಕೆ ಬಂದಿದ್ದಳು.

ಅಂದು ರಾತ್ರಿ ಊಟಕ್ಕೆ ಕೂತಾಗ ನಮ್ಮ ಹುಡುಗಿ ಹೇಳಿದಳು: “ಕಾಕೂ, ವಿಡಿಯೋ ನೋಡುವಾಗ ಎಲ್ಲಾರೂ ಶಾಣ್ಯಾರ ಕಾಣ್ತಾರ. ಯಾರಿಗೆ ಬರೂದಿಲ್ಲ ಅನ್ನೂದು ಅದಕ್ಕ ಕಾಣೂದಿಲ್ಲ. ಅದನ್ನ ನಾನ ನೋಡಬೇಕು.”

ಅವಳ ಮಾತಿನ ಭಾರ ನಮಗೆ ತಿಳಿಯದೇ? ಓದಲು ಬಾರದ ಹುಡುಗಿಗೆ ಶಾಲೆ ಬೇಸರವಾಗುತ್ತದೆ. ಶಾಲೆ ಬಿಟ್ಟವಳನ್ನು ಮನೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳುವುದು ಎಂದು ಬೇಗನೇ ಗಂಡಿನ ಮಾತು ತೆಗೆಯುತ್ತಾರೆ. ಎರಡಕ್ಷರ ಬಾರದ್ದು ಅಷ್ಟು ದೂರ ಹೋಗಿ ಮುಟ್ಟುತ್ತದೆ.

ಮರುದಿನದಿಂದ ಅವಳು ಮೊಬೈಲನ್ನು ಬೇರೆ ರೀತಿ ಬಳಸಿದಳು. ಹಿರಿಯ ಅಕ್ಕೋರ ಒಪ್ಪಿಗೆ ಪಡೆದು, ಒಂದೊಂದು ಮಗುವನ್ನೂ ಬದಿಗೆ ಕೂಡಿಸಿಕೊಂಡು ಒಂದು ನಿಮಿಷ ಓದಿಸಿ ದನಿ ಮುದ್ರಿಸಿದಳು. ರಾತ್ರಿ ನಮ್ಮ ಪಡಸಾಲೆಯಲ್ಲಿ ಕೂತು ಕೇಳಿ, ಯಾರು ಯಾವ ಅಕ್ಷರಕ್ಕೆ ಎಡವುತ್ತಾರೆಂದು ವಹಿಯಲ್ಲಿ ಬರೆದಳು. ಕೆಲವರು ಒತ್ತಕ್ಷರಕ್ಕೆ ನಿಲ್ಲುತ್ತಿದ್ದರು. ಕೆಲವರು ಓದುತ್ತಲೇ ಇರಲಿಲ್ಲ, ಪಾಠ ಬಾಯಿಪಾಠ ಮಾಡಿದ್ದರು. ಮರುದಿನ ಮಗುವಿಗೆ ಅದರ ದನಿಯನ್ನೇ ಕೇಳಿಸಿದರೆ ಮೊದಲು ನಗು, ಆಮೇಲೆ ‘ಅಕ್ಕೋರ, ಅದು ತಪ್ಪೈತ್ರೀ’ ಎಂದು ತಾನೇ ತಿದ್ದುವುದು.

ಆ ಹುಡುಗಿಯ ಜೊತೆ ದಿನಾ ಹತ್ತು ನಿಮಿಷ ಕೂತಳು. ಆರು ವಾರಕ್ಕೆ ಆಕೆ ಸಣ್ಣ ಕತೆಯೊಂದರ ನಾಲ್ಕು ಸಾಲು, ನಿಂತು ನಿಂತು, ಓದಿದಳು. ಶಾಲೆಗೆ ಬಂದಿದ್ದ ತಾಯಿಗೆ ಅದನ್ನು ಕೇಳಿಸಿದರೆ, “ಇದು ನಮ್ಮ ಹುಡುಗಿ ದನಿ ಏನ್ರೀ?” ಎಂದು ಮತ್ತೊಮ್ಮೆ ಹಚ್ಚಲು ಹೇಳಿದಳಂತೆ. ಹುಡುಗಿ ಇನ್ನೂ ತನ್ನ ತರಗತಿಯ ಮಟ್ಟಕ್ಕೆ ಬಂದಿಲ್ಲ. ನಮ್ಮವಳು ತರಬೇತಿಗೆ ಮರಳಿದ ಮೇಲೆ ಹಿರಿಯ ಅಕ್ಕೋರು ಆ ವಹಿಯನ್ನು ತಾವು ಇಟ್ಟುಕೊಂಡು ಮುಂದುವರಿಸಿದ್ದಾರೆ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಅವಳು ತನಗೆ ತಾನೇ ಹಾಕಿಕೊಂಡ ನಿಯಮ ನನಗೆ ಬಹಳ ಹಿಡಿಸಿತು. ಕೈಗೆ ಸಿಗುವುದನ್ನು ಪರದೆ ಮೇಲೆ ತೋರಿಸಬಾರದು. ಹೆಸರುಕಾಳು ಮೊಳಕೆ ಒಡೆಯುವುದನ್ನು ಮೊಬೈಲಿನಲ್ಲಿ ಏಕೆ ನೋಡಬೇಕು? ಒದ್ದೆ ಅರಿವೆಯಲ್ಲಿ ಕಟ್ಟಿಟ್ಟರೆ ಮರುದಿನ ಬೆಳಿಗ್ಗೆ ಮಕ್ಕಳೇ ಬಿಚ್ಚಿ ನೋಡುತ್ತಾರೆ. ಅರ್ಧ, ಕಾಲು ಎಂಬ ಲೆಕ್ಕಕ್ಕೆ ಜೋಳದ ರೊಟ್ಟಿಗಿಂತ ಒಳ್ಳೆಯ ಸಾಧನ ಬೇಕೇ? ಆದರೆ ಎದೆಯೊಳಗೆ ಹೃದಯ ಬಡಿಯುವ ಬಗೆ, ಭೂಮಿ ಸೂರ್ಯನ ಸುತ್ತ ತಿರುಗುವುದು, ಸಮುದ್ರ ಕಾಣದ ಮಗುವಿಗೆ ಸಮುದ್ರ, ಇವಕ್ಕೆ ವಿಡಿಯೋ ಬೇಕು. ಅದೂ ಎರಡು-ಮೂರು ನಿಮಿಷ. ನಡುವೆ ನಿಲ್ಲಿಸಿ ‘ಮುಂದ ಏನಾಗ್ತೈತಿ?’ ಎಂದು ಕೇಳಬೇಕು.

ಮನೆಯಲ್ಲಿ ನಾವೇನು ಮಾಡಬಹುದು?

1. ಮಗುವಿಗೆ ದಿನಕ್ಕೊಮ್ಮೆ ಅರ್ಧ ಪುಟ ಓದಿಸಿ, ನಿಮ್ಮ ಮೊಬೈಲಿನಲ್ಲಿ ಮುದ್ರಿಸಿ ಅದಕ್ಕೇ ಕೇಳಿಸಿ. ನಿಮಗೆ ಓದು ಕಡಿಮೆ ಇದ್ದರೂ ಅಡ್ಡಿಯಿಲ್ಲ, ಮಗು ಎಲ್ಲಿ ತಡವರಿಸಿತು ಎಂಬುದು ತಾಯಿಯ ಕಿವಿಗೆ ತಿಳಿಯುತ್ತದೆ.

2. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ 2015ರಿಂದ ಇದೆ. ಅದರಲ್ಲಿ ಕನ್ನಡದ ಚಿತ್ರಕತೆಗಳು ಪುಕ್ಕಟೆ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ, ಸುಲಭದ್ದರಿಂದ ಶುರು ಮಾಡಿ.

3. ಹೊತ್ತಿಗೆ ಮಿತಿ ಇರಲಿ. ಒಂದು ವರ್ಷ ತುಂಬದ ಕೂಸಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊಟ ಮಾಡಿಸಲು ಮೊಬೈಲು ಕೊಡುವ ರೂಢಿಯನ್ನು ಮೆಲ್ಲಗೆ ಬಿಡಿಸಿ. ಒಂದರಿಂದ ಎಂಟನೇ ತರಗತಿಯವರಿಗೆ ಆನ್‌ಲೈನ್ ಪಾಠ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ ಮೀರಬಾರದೆಂದು 2020ರ ಜುಲೈನಲ್ಲಿ ಕೇಂದ್ರ ಸರಕಾರವೂ ತಿಳಿಸಿತ್ತು.

4. ಮನೆಯಲ್ಲಿ ಒಂದೇ ಮೊಬೈಲು ಇದ್ದರೆ ಮೊದಲು ಯಾರ ಕೈಗೆ ಹೋಗುತ್ತದೆ? ಮಗ ಆಟ ಆಡಿ ಮುಗಿಸುವಷ್ಟರಲ್ಲಿ ಮಗಳಿಗೆ ಪಾತ್ರೆ ತಿಕ್ಕುವ ಹೊತ್ತಾಗಿರುತ್ತದೆ. ಇಬ್ಬರಿಗೂ ಗಡಿಯಾರ ನೋಡಿ ಸಮ ಹೊತ್ತು ಕೊಡಿ.

5. ಮಕ್ಕಳ ಫೋಟೋ, ದನಿಯನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ನಮ್ಮ ಹುಡುಗಿ ಮುದ್ರಿಸಿದ್ದನ್ನೆಲ್ಲ ಕೆಲಸ ಮುಗಿದ ಮೇಲೆ ಅಳಿಸಿಬಿಟ್ಟಳು.

ಇನ್ನೊಂದು ಮಾತು, ಸೋದರಿಯರೇ. ಸರಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಎಂಬ ಸಮಿತಿ ಇರುತ್ತದೆ. ಅದರಲ್ಲಿ ನಮ್ಮಂಥ ಪಾಲಕರೇ ಸದಸ್ಯರು. ಪಾಲಕರ ಸಭೆಗೆ ಕರೆದರೆ ‘ಅವರಪ್ಪ ಹೋಗ್ತಾರ’ ಎಂದು ಸುಮ್ಮನಾಗದೆ ನೀವೇ ಹೋಗಿ. ಟಿ.ವಿ. ಎಷ್ಟು ದೊಡ್ಡದಿದೆ ಎಂದು ಕೇಳುವ ಮೊದಲು, ನಮ್ಮ ಮಗು ಒಂಟಿಯಾಗಿ ಓದಿದ್ದನ್ನು ಈ ತಿಂಗಳು ಯಾರಾದರೂ ಕೇಳಿದ್ದೀರಾ ಎಂದು ವಿನಯದಿಂದ ಕೇಳಿ. ಹೊಸದಾಗಿ ಕಲಿಯಲು ಬಂದ ಹುಡುಗಿ ಟೀಚರು ಇದ್ದರೆ ‘ಇವಳಿಗೇನು ಗೊತ್ತು’ ಎನ್ನಬೇಡಿ. ನಾಳೆ ನಮ್ಮ ಮೊಮ್ಮಕ್ಕಳಿಗೆ ಅಕ್ಷರ ಕಲಿಸುವವರು ಅವರೇ.