ಗುಡ್ಡ ಕುಡಿದ ಮಳೆ ಎಲ್ಲಿಗೆ ಹೋಗುತ್ತದೆ?

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್ ನೀರು. ಆ ಲೆಕ್ಕದಲ್ಲಿ ಒಂದೇ ಎಕರೆಗೆ ಸುಮಾರು 1.4 ಕೋಟಿ ಲೀಟರ್! ಆದರೂ 2016 ಮತ್ತು 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು, ಮಂಗಳೂರಿನ ನಲ್ಲಿಗಳಿಗೆ ಪಾಳಿಯ ಮೇಲೆ ನೀರು ಬಿಡಬೇಕಾಯಿತು.

ಮಳೆ ಕಡಿಮೆಯಾಯಿತು ಎಂದು ಆಕಾಶವನ್ನು ದೂರುವ ಮೊದಲು ಗುಡ್ಡದ ಒಳಗನ್ನು ನೋಡಬೇಕು. ಮೇಲೆ ಮುರಕಲ್ಲು, ಮೈತುಂಬ ತೂತು. ಮರಗಳ ದರಗು ಹೊದ್ದ ಕಡೆ ನೀರು ತಡೆದು ನಿಂತು ಮುರಕಲ್ಲಿನೊಳಗೆ ಇಳಿಯುತ್ತದೆ. ಬೋಳು ಪಾದೆಯ ಮೇಲೆ ಬಿದ್ದದ್ದು ಹರಿದೇ ಹೋಗುತ್ತದೆ. ಇಳಿದ ನೀರಿಗೆ ಕೆಳಗಿನ ಶೇಡಿಮಣ್ಣು ಅಡ್ಡ ಬರುತ್ತದೆ. ನುಣುಪಾದ ಆ ಜೇಡಿಯನ್ನು ದಾಟಲಾರದೆ ನೀರು ಅದರ ಮೇಲೆ ಅಡ್ಡಡ್ಡ ಸರಿಯುತ್ತಾ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಜುಲೈಯಲ್ಲಿ ಕೈಗೆಟಕುವಷ್ಟು ತುಂಬುವ ಬಾವಿ ಮಾರ್ಚಿನಲ್ಲಿ ಬರಿದಾಗುವುದು ಇದರಿಂದಲೇ: ಮುರಕಲ್ಲು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಕೊಡುತ್ತದೆ.

ಈ ಗುಣವನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆಯುವಷ್ಟೇ ಅಗಲಕ್ಕೆ ಸುರಂಗ ಕೊರೆದರು. ಜಿನುಗುವ ನೀರು ಪಂಪಿಲ್ಲದೆ, ಇಳಿಜಾರಿನಲ್ಲೇ ಹರಿದು ಅಂಗಳದ ತೊಟ್ಟಿಗೆ ಬರುತ್ತದೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಹಗಲಿನ ಕೂಲಿ ಮುಗಿಸಿ, ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬರೇ ಸುರಂಗ ತೋಡಿದವರು. ಮೊದಮೊದಲ ಸುರಂಗಗಳಲ್ಲಿ ನೀರೇ ಸಿಗಲಿಲ್ಲ. ಅವರು ಹಾರೆ ಕೆಳಗಿಡಲಿಲ್ಲ. ಬೋಳು ಗುಡ್ಡ ತೋಟವಾಯಿತು, 2022ರಲ್ಲಿ ಪದ್ಮಶ್ರೀ ಬಂತು. ಅಂಥ ಛಲಕ್ಕೆ ಯಾವ ಪ್ರಶಸ್ತಿಯೂ ಚಿಕ್ಕದೇ.

ತೋಡುಗಳಿಗೆ ಕಟ್ಟ ಹಾಕುವ ರೂಢಿಯೂ ಇತ್ತು. ಮಳೆ ನಿಂತ ಮೇಲೆ, ಹರಿವು ಇನ್ನೂ ಇರುವಾಗ ಕಲ್ಲುಮಣ್ಣಿನಿಂದ ತಡೆದರೆ ಅಕ್ಕಪಕ್ಕದ ಬಾವಿಗಳಿಗೆ ಜೀವ ಬರುತ್ತಿತ್ತು. ಇವೆಲ್ಲಕ್ಕಿಂತ ದೊಡ್ಡ ಇಂಗುಗುಂಡಿಯೆಂದರೆ ಗದ್ದೆ. ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟುಗಳಲ್ಲಿ ಏಣೆಲು ಎಂಬ ಮೊದಲ ಭತ್ತದ ಬೆಳೆಗೆಂದು ಮಳೆಗಾಲವಿಡೀ ನಿಲ್ಲಿಸುತ್ತಿದ್ದ ನೀರು ಮೆಲ್ಲಗೆ ನೆಲಕ್ಕಿಳಿಯುತ್ತಿತ್ತು. ಗದ್ದೆಗಳು ಸೈಟು, ತೋಟಗಳಾದಾಗ ಈ ನಿಲುಗಡೆ ತಪ್ಪಿತು. ಚರಂಡಿ ಸೇರಿದ ಮಳೆ ತುಂಬಿದ ಹೊಳೆಯಲ್ಲಿ ಒಂದೆರಡು ದಿನದೊಳಗೆ ಕಡಲು ಕಾಣುತ್ತದೆ. ಈ ನಷ್ಟದ ಬಗ್ಗೆ ನಾವು ಸಾಕಷ್ಟು ಮಾತಾಡಿಲ್ಲ ಎಂಬುದೇ ನನ್ನ ಸಂಕಟ.

ಬೋರ್‌ವೆಲ್ ಇದಕ್ಕೆ ಉತ್ತರವಲ್ಲ. ಅದು ಶೇಡಿಯನ್ನು ದಾಟಿ ಗಟ್ಟಿ ಬಂಡೆಯ ಬಿರುಕಿಗೆ ಕೈಹಾಕುತ್ತದೆ. ಅಲ್ಲಿಗೆ ಮಳೆನೀರು ತಲುಪುವುದು ಬಹಳ ನಿಧಾನ. ಇಂಗುಗುಂಡಿ ಒಳ್ಳೆಯದೇ, ಆದರೆ ಜಾಗ ನೋಡಿ ತೋಡಬೇಕು. ಜೆಸಿಬಿಯಿಂದ ನೇರವಾಗಿ ಕಡಿದ ಗುಡ್ಡದ ನೆತ್ತಿಯಲ್ಲಿ ನೀರಿಂಗಿಸಿದರೆ ನೆನೆದ ಶೇಡಿ ಸಡಿಲವಾಗಿ, ಗುಡ್ಡವೇ ಕೆಳಗಿನ ಮನೆಯ ಮೇಲೆ ಜರಿಯಬಹುದು. ಕಡಿದ ಅಂಚಿನಿಂದ ದೂರ, ಇಳಿಜಾರು ಕಡಿಮೆಯಿರುವ ಕಡೆ, ಮರಗಳ ನಡುವೆ ತೋಡಿದರೆ ಕೆಳಗಿನ ಬಾವಿಗೂ ಪಾಲು ಸಿಗುತ್ತದೆ.